ಚೀಲ ಕಾಯಲು ಸಮುದ್ರ ದಾಟಬೇಕೆ?

ನಮ್ಮ ಹೆಂಗಸರು ಈಗ ಲೋಕ ಸುತ್ತುತ್ತಿದ್ದಾರೆ ಎಂದು ಎಲ್ಲರೂ ಮೆಚ್ಚಿ ಮಾತಾಡುತ್ತಾರೆ. ಒಂದು ಕಾಲಕ್ಕೆ ಧರ್ಮಸ್ಥಳ, ತಿರುಪತಿ, ತೀರ ಪುಣ್ಯವಿದ್ದರೆ ಕಾಶಿ. ಅಷ್ಟಕ್ಕೇ ಮುಗಿಯುತ್ತಿದ್ದ ನಮ್ಮ ಯಾತ್ರೆ ಈಗ ಸಿಂಗಪುರ, ದುಬೈ, ಥಾಯ್ಲೆಂಡಿನವರೆಗೆ ಬೆಳೆದಿದೆ. ಪಕ್ಕದ ಬೀದಿಯವರು ಹೋಗಿ ಬಂದರೆಂದು ನಾವು, ನಾವು ಹೋಗಿ ಬಂದೆವೆಂದು ಎದುರುಮನೆಯವರು. ಇರಲಿ, ನನಗೂ ಸಂತೋಷವೇ. ಆದರೆ ಒಂದು ಪ್ರಶ್ನೆ ಮಾತ್ರ ಕೇಳಲೇಬೇಕು. ಹೊರಟವರೆಲ್ಲ ತಲುಪಿದರೇ?

ನನ್ನ ತಕರಾರು ಇಷ್ಟೆ. ನಮ್ಮ ಹೆಂಗಸರು ಪ್ರವಾಸಕ್ಕೆ ಪೂರ್ತಿ ಹಣ ಕೊಟ್ಟು ಅರ್ಧ ಪ್ರವಾಸ ಮಾಡುತ್ತಾರೆ. ಉಳಿದರ್ಧದಲ್ಲಿ ಅವರು ಚೀಲ ಕಾಯುತ್ತಾರೆ. ಜೋಗದ ಗುಂಡಿಗೆ ಇಳಿಯುವಾಗ ಮೇಲೆ ಕೂತು ಚಪ್ಪಲಿ ಕಾದವರು, ಮಲ್ಪೆಯ ಮರಳಿನ ಮೇಲೆ ಎಲ್ಲರ ಗಡಿಯಾರ, ಕನ್ನಡಕ ಸೆರಗಿನಲ್ಲಿ ಕಟ್ಟಿಕೊಂಡು ಕೂತವರು, ಈಗ ವಿಮಾನ ಹತ್ತಿ ಬೇರೆ ದೇಶಕ್ಕೆ ಹೋಗಿ ಅದೇ ಕೆಲಸ ಮಾಡುತ್ತಿದ್ದಾರೆ. ಮಾತನ್ನು ಉದ್ದ ಮಾಡುವ ಬದಲು ನಾನು ಕಂಡ ಒಂದು ದಿನದ ಕಥೆಯನ್ನೇ ಸಾಕ್ಷಿಗೆ ಇಡುತ್ತೇನೆ.

ಥಾಯ್ಲೆಂಡಿನ ದಕ್ಷಿಣದಲ್ಲಿ, ಅಂಡಮಾನ್ ಸಮುದ್ರದ ಮಗ್ಗುಲಿಗೆ ಫುಕೆಟ್ ಎಂಬ ದ್ವೀಪವಿದೆ. ಅದರ ಪೂರ್ವಕ್ಕೆ ಫಂಗ್ ನಾ ಕೊಲ್ಲಿ. ಕೊಲ್ಲಿಯ ತುಂಬ ಸುಣ್ಣಕಲ್ಲಿನ ದ್ವೀಪಗಳು. ನಮ್ಮ ಉತ್ತರ ಕನ್ನಡದ ಯಾಣವನ್ನು ನೋಡಿದವರು ಒಮ್ಮೆ ಕಣ್ಣು ಮುಚ್ಚಿ ನೆನೆಸಿಕೊಳ್ಳಿ. ಅಲ್ಲಿನ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ. ಅಂಥ ಬಂಡೆಗಳು ಹತ್ತಾರು, ಕಾಡಿನ ನಡುವೆ ಅಲ್ಲ, ಹಸಿರು ನೀರಿನ ನಡುವೆ ನೇರವಾಗಿ ಎದ್ದು ನಿಂತಿವೆ ಎಂದುಕೊಳ್ಳಿ. ಬುಡವನ್ನು ಸಮುದ್ರ ಕೊರೆದು ಒಳಸರಿಸಿದೆ, ನೆತ್ತಿಯ ಮೇಲೆ ಗಿಡಮರ. 1981ರಲ್ಲಿ ಈ ಕೊಲ್ಲಿಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದಾರೆ.

ಈ ದ್ವೀಪಗಳಲ್ಲಿ ಕೆಲವಕ್ಕೆ ಹೊರಗಿನಿಂದ ಕಾಣದ ಒಂದು ಹೊಟ್ಟೆಯಿದೆ. ಮಳೆಯ ನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣಕಲ್ಲನ್ನು ಸಾವಿರಾರು ವರ್ಷ ಕರಗಿಸಿ ಕರಗಿಸಿ ಒಳಗೆ ಗವಿ ಮಾಡುತ್ತದೆ. ಗವಿ ದೊಡ್ಡದಾಗಿ ಕೊನೆಗೊಮ್ಮೆ ಅದರ ಚಾವಣಿ ಕುಸಿಯುತ್ತದೆ. ಆಗ ದ್ವೀಪದ ನಡುವೆ ಆಕಾಶಕ್ಕೆ ತೆರೆದ ಒಂದು ಅಂಗಳ ಉಳಿಯುತ್ತದೆ. ನಮ್ಮ ತೊಟ್ಟಿಮನೆಯ ಅಂಗಳವಿದ್ದ ಹಾಗೆ. ಥಾಯ್ ಭಾಷೆಯಲ್ಲಿ ಇದಕ್ಕೆ 'ಹೊಂಗ್' ಅನ್ನುತ್ತಾರೆ. ಹಾಗೆಂದರೆ ಕೋಣೆ. ಈ ಕೋಣೆಗೆ ಬಾಗಿಲೆಂದರೆ ಬಂಡೆಯ ಬುಡದಲ್ಲಿರುವ ಕತ್ತಲೆಯ ಸುರಂಗ. ಉಬ್ಬರ ಹೆಚ್ಚಾದರೆ ಸುರಂಗದ ಬಾಯಿ ಮುಚ್ಚಿಹೋಗುತ್ತದೆ, ಇಳಿತ ಹೆಚ್ಚಾದರೆ ದೋಣಿ ಕೆಸರಿಗೆ ಕೂರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಅಲ್ಲಿ ನೀರು ಎರಡು ಮೀಟರಿಗೂ ಮಿಕ್ಕಿ ಏರಿ ಇಳಿಯುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹೀಗಾಗಿ ಈ ಬಾಗಿಲು ತೆರೆಯುವ ವೇಳೆಯನ್ನು ಯಾವ ಪ್ರವಾಸ ಸಂಸ್ಥೆಯೂ ನಿಗದಿ ಮಾಡಲಾರದು. ಚಂದ್ರ ಮಾಡುತ್ತಾನೆ.

ನಾವು ಒಟ್ಟು 24 ಜನ, ಅದರಲ್ಲಿ 13 ಹೆಂಗಸರು. ಕರೆದೊಯ್ದವರ ಹೆಸರು ಇಲ್ಲಿ ಬೇಡ. ಎಲ್ಲರೂ ಹೀಗೇ ಕರೆದೊಯ್ಯುತ್ತಾರೆ ಎಂಬುದೇ ನನ್ನ ಮಾತು. ಬೆಳಿಗ್ಗೆ ದೊಡ್ಡ ಬೋಟು ಹತ್ತಿದೆವು. ಕೋ ಪನಕ್ ಎಂಬ ದ್ವೀಪದ ಹತ್ತಿರ ಬೋಟು ನಿಂತಿತು. ಗಾಳಿ ತುಂಬಿದ ರಬ್ಬರಿನ ಪುಟ್ಟ ದೋಣಿಗಳನ್ನು ನೀರಿಗಿಳಿಸಿದರು. ಕನೂ ಎನ್ನುತ್ತಾರೆ. ಒಂದರಲ್ಲಿ ಇಬ್ಬರು ಪ್ರವಾಸಿಗರು, ಹಿಂದೆ ಹುಟ್ಟು ಹಾಕಲು ಆ ಊರಿನ ಒಬ್ಬ ಹುಡುಗ. ನಾವು ಮಾಡಬೇಕಾದದ್ದು ಕೂರುವುದು, ಸುರಂಗ ಬಂದಾಗ ಚಾಪೆಯ ಮೇಲೆ ಮಲಗಿದ ಹಾಗೆ ಬೆನ್ನು ಚಾಚುವುದು, ಅಷ್ಟೆ. ಎಲ್ಲರ ಮೈಮೇಲೂ ಲೈಫ್ ಜಾಕೆಟ್. ನೀರೋ, ಅಲೆಯಿಲ್ಲದೆ ಸಾರಿಸಿದ ನೆಲದ ಹಾಗಿತ್ತು.

ಗಂಡಸರು ಒಬ್ಬರ ಹಿಂದೊಬ್ಬರು ಇಳಿದರು. ಹೆಂಗಸರಲ್ಲಿ ಇಳಿದವರು ಮೂರು ಜನ. ಉಳಿದ ಹತ್ತು ಜನರಿಗೆ ಯಾರೂ 'ಬೇಡ' ಅನ್ನಲಿಲ್ಲ, ಅದನ್ನು ಗಮನಿಸಿ. ನಮ್ಮ ವ್ಯವಸ್ಥಾಪಕ ಬಹಳ ಮರ್ಯಾದೆಯಿಂದ, "ಲೇಡೀಸ್ ಆರಾಮಾಗಿ ಬೋಟಲ್ಲೇ ರೆಸ್ಟ್ ತಗೋಬಹುದು" ಅಂದ. ಒಬ್ಬ ಯಜಮಾನರು, "ಪರ್ಸು, ಫೋನು ಎಲ್ಲಾ ನಿನ್ನ ಹತ್ರ ಇರಲಿ" ಅಂದರು. ಮಗ, "ಅಮ್ಮಾ, ನಿಂಗೆ ಯಾಕೆ ಸುಮ್ನೆ ತೊಂದರೆ" ಅಂದ. ಇನ್ನೊಬ್ಬರು, "ಅಷ್ಟರೊಳಗೆ ಚಪಾತಿ, ಚಟ್ನಿಪುಡಿ ತೆಗೆದಿಟ್ಟಿರಿ, ಬಂದ ತಕ್ಷಣ ತಿಂದುಬಿಡೋಣ" ಅಂದರು. ಇಷ್ಟೆ. ಒಂದೂ ಗದರಿಕೆಯಿಲ್ಲ, ಎಲ್ಲವೂ ಪ್ರೀತಿಯ ಮಾತೇ. ಹತ್ತು ಜನ ಹೆಂಗಸರು ಆ ಪ್ರೀತಿಯಲ್ಲಿ ಬೋಟಿಗೆ ಕಟ್ಟಿಹಾಕಿದಂತೆ ಕೂತರು.

ಅವರಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ, "ದ್ವೀಪ ಎಂದರೇನು? ಸುತ್ತಲೂ ನೀರಿನಿಂದ ಆವೃತವಾದ ಭೂಭಾಗ" ಎಂದು ಬಾಯಿಪಾಠ ಮಾಡಿಸಿದವರು. ಪಿಂಚಣಿಯಲ್ಲಿ ಉಳಿಸಿ ಈ ಪ್ರವಾಸಕ್ಕೆ ಬಂದವರು. ನಾನು, "ಬನ್ನಿ ಟೀಚರೇ, ನನ್ನ ಜೊತೆ ಒಂದೇ ದೋಣೀಲಿ ಕೂರೋಣ" ಎಂದು ಎರಡೆರಡು ಸಲ ಕರೆದೆ. ಅವರು ಮಡಿಲಲ್ಲಿದ್ದ ಚೀಲವನ್ನು ತೋರಿಸಿ, "ನೀವು ಹೋಗಿ ಬನ್ನೀಮ್ಮ. ಎಲ್ಲರ ಪಾಸ್‌ಪೋರ್ಟೂ ನನ್ನ ಹತ್ರಾನೇ ಇದೆಯಲ್ಲ" ಅಂದರು.

ನಾನು ನನ್ನ ಚೀಲವನ್ನು ನಮ್ಮವರ ತೊಡೆಯ ಮೇಲಿಟ್ಟು ಇಳಿದೆ. ಅವರಿಗೆ ಮಂಡಿ ನೋವು. ಅವರು ಚೀಲ ಕಾಯುತ್ತ ಚೆನ್ನಾಗಿಯೇ ನಿದ್ದೆ ಮಾಡಿದರು. ಚೀಲಕ್ಕೆ ಏನೂ ಆಗಲಿಲ್ಲ.

ಸುರಂಗದೊಳಗೆ ಬಾವಲಿಗಳ ವಾಸನೆ. ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಹರಿತ, ಕೈ ಹೊರಗಿಡಬೇಡಿ ಎಂದು ಹುಡುಗ ಸನ್ನೆ ಮಾಡಿದ. ಮಲಗಿದೆ. ಮೂಗಿನ ಮೇಲೆಯೇ ಕಲ್ಲು ಹಾದುಹೋಯಿತು. ಒಂದೆರಡು ನಿಮಿಷ ಕತ್ತಲು, ಆಮೇಲೆ ಥಟ್ಟನೆ ಬೆಳಕು. ನಾಲ್ಕೂ ಕಡೆ ಗೋಡೆಯಂಥ ಬಂಡೆ, ನೆತ್ತಿಯ ಮೇಲೆ ತುಂಡು ಆಕಾಶ. ಕಾಂಡ್ಲಾ ಮರಗಳು ಬೇರುಗಳನ್ನು ಕಾಲಿನ ಹಾಗೆ ಊರಿ ನೀರಿನಲ್ಲಿ ನಿಂತಿದ್ದವು. ಕೆಸರಿನ ಮೇಲೆ ಪುಟ್ಟ ಮೀನುಗಳು ಕಪ್ಪೆಯಂತೆ ಕುಪ್ಪಳಿಸುತ್ತಿದ್ದವು. ಹುಡುಗ ತುಟಿಯ ಮೇಲೆ ಬೆರಳಿಟ್ಟ. ಹುಟ್ಟಿನಿಂದ ತೊಟ್ಟಿಕ್ಕುವ ಹನಿಯ ಸದ್ದು ಕೂಡ ಕೇಳುವಷ್ಟು ಮೌನ. ಕುಕ್ಕರಿನ ಸೀಟಿ, ಕಾಲಿಂಗ್ ಬೆಲ್ಲು, ಟೀವಿ ಯಾವುದೂ ಇಲ್ಲದ ಇಂಥ ಒಂದು ಗಳಿಗೆ ನನ್ನ ಸಂಸಾರದ ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕಿರಲಿಲ್ಲ.

ಬೋಟಿಗೆ ಮರಳಿದಾಗ ಟೀಚರು ಪೇಪರ್ ತಟ್ಟೆಗಳನ್ನು ಸಾಲಾಗಿ ಜೋಡಿಸುತ್ತಿದ್ದರು. "ಒಳಗೆ ಏನಿತ್ತಮ್ಮಾ?" ಎಂದು ಕೇಳಿದರು. ನಾನು ಹೇಳಿದೆ, "ನಿಮ್ಮ ಪಾಠ ತಿರುವುಮುರುವಾಗಿತ್ತು ಟೀಚರೇ. ಸುತ್ತಲೂ ನೆಲದಿಂದ ಆವೃತವಾದ ನೀರು." ಅವರು ನಕ್ಕರು. ಆಮೇಲೆ ಆ ಬಂಡೆಯ ಬುಡವನ್ನು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ನೀರು ಏರಿ ಬಾಗಿಲು ಮುಚ್ಚುವ ಹೊತ್ತಾಗಿತ್ತು. ಬೋಟು ಹೊರಟಿತು.

ಮಧ್ಯಾಹ್ನ ಕೋ ತಪು ಎಂಬ ಬಂಡೆಯ ಎದುರಿನ ದಡದಲ್ಲಿ ಇಳಿಸಿದರು. ತಪು ಎಂದರೆ ಮೊಳೆ. ಸುಮಾರು 20 ಮೀಟರ್ ಎತ್ತರ, ಬುಡ ಸಣ್ಣ, ತಲೆ ದಪ್ಪ. 1974ರ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಕಂಡದ್ದರಿಂದ ಪ್ರಸಿದ್ಧವಾಯಿತು. ಬಂಡೆಗೆ ಅಪಾಯವೆಂದು 1998ರಿಂದ ಬೋಟುಗಳು ಅದರ ಹತ್ತಿರ ಹೋಗುವಂತಿಲ್ಲ. ಇಲ್ಲಿ ಮಾತ್ರ 13 ಹೆಂಗಸರೂ ಇಳಿದರು. ಯಾಕೆಂದರೆ ಫೋಟೋ ಇತ್ತು, ಅಂಗಡಿಗಳಿದ್ದವು. ಊರಿಗೆ ಬಂದು ತೋರಿಸಲು ಎಲ್ಲರ ಹತ್ತಿರವೂ ಒಂದೇ ಥರದ ಫೋಟೋ ಇದೆ. ಹಾಗಾಗಿ ಎಲ್ಲರೂ ಹೋಗಿಬಂದಂತೆಯೇ ಲೆಕ್ಕ. ನಮ್ಮ ಪ್ರವಾಸದ ಲೆಕ್ಕ ಇಡುವವರಿಗೆ ಇಷ್ಟು ಸಾಕು. ನಮಗೆ ಸಾಕೇ?

ಈಗ ನೀವು ಹೇಳಬಹುದು, "ಅವರಿಗೇ ಇಷ್ಟವಿರಲಿಲ್ಲ, ಬಲವಂತ ಮಾಡೋಕಾಗುತ್ತಾ?" ಇಷ್ಟವಿಲ್ಲದವರು ಕೂರಲಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಆ ದಿನ ಕೇಳಿಬಂದ ಕಾರಣಗಳನ್ನು ಒಂದೊಂದಾಗಿ ನೋಡಿ. ಚೀಲ ಕಾಯಬೇಕು ಅಂದರು. ನಡುಸಮುದ್ರದಲ್ಲಿ ನಿಂತ ಬೋಟಿಗೆ ಕಳ್ಳ ಎಲ್ಲಿಂದ ಈಜಿ ಬರುತ್ತಾನೆ? ಬೋಟಿನ ಸಿಬ್ಬಂದಿ ಅಲ್ಲೇ ಇದ್ದರಲ್ಲ? ಸೀರೆ ಒದ್ದೆಯಾಗುತ್ತದೆ ಅಂದರು. ಒಂದು ಜೊತೆ ಚೂಡಿದಾರ್, ಒಂದು ಟವೆಲು ತನ್ನಿ ಎಂದು ಹಿಂದಿನ ದಿನ ಹೇಳಿದ್ದರೆ ಆ ಮಾತೇ ಬರುತ್ತಿರಲಿಲ್ಲ. ಊಟದ ಮೆನು, ಹೋಟೆಲಿನ ನಕ್ಷತ್ರ ಎಲ್ಲವನ್ನೂ ಅಚ್ಚು ಹಾಕಿಸಿದವರಿಗೆ ಇದೊಂದು ಸಾಲು ಭಾರವಾಯಿತೇ? ವಯಸ್ಸಾಯಿತು ಅಂದರು. ಅದೇ ವಯಸ್ಸಿನ ಗಂಡಸರು, ಹೊಟ್ಟೆ ಬಂದವರು, ಸಕ್ಕರೆ ಕಾಯಿಲೆಯವರು ಇಳಿದಿದ್ದರು. ಮಗು ಇದೆ ಅಂದಳು ಒಬ್ಬ ಸೊಸೆ. ಅವಳ ಗಂಡ ಎರಡು ಸಲ ದೋಣಿಯಲ್ಲಿ ಸುತ್ತಿ ಬಂದ. ಒಂದು ಸಲ ಅವನು ಮಗುವನ್ನು ಎತ್ತಿಕೊಂಡಿದ್ದರೆ ಕೊಲ್ಲಿಯ ನೀರು ಬತ್ತುತ್ತಿತ್ತೇ?

ಉಳಿದದ್ದು ಭಯ. ಇದನ್ನು ನಾನು ಹಗುರ ಮಾಡುವುದಿಲ್ಲ. ನೀರಿನ ಭಯ ನಿಜವಾದ ಭಯ. ಇದೇ ಕರಾವಳಿ 2004ರ ಡಿಸೆಂಬರ್ 26ರಂದು ಸುನಾಮಿಯಲ್ಲಿ ಸಾವಿರಾರು ಜನರನ್ನು ಕಳೆದುಕೊಂಡಿದೆ. ಲೈಫ್ ಜಾಕೆಟ್ ಇಲ್ಲದ ದೋಣಿಗೆ, ಮಳೆಗಾಲದ ಕಡಲಿಗೆ ಇಳಿಯದಿರುವುದು ಹೇಡಿತನವಲ್ಲ, ವಿವೇಕ. ಆದರೆ ನಮ್ಮ ಹೆಂಗಸರ ಭಯಕ್ಕೆ ಇನ್ನೊಂದು ಬೇರಿದೆ. ಹುಡುಗರು ಕೆರೆಗೆ, ಹೊಳೆಗೆ, ಬಾವಿಗೆ ಧುಮುಕಿ ಈಜು ಕಲಿಯುವ ವಯಸ್ಸಿನಲ್ಲಿ ನಮ್ಮನ್ನು ದಡದಲ್ಲಿ ಬಟ್ಟೆ ಒಗೆಯಲು ಕೂರಿಸಿದರು. ಕಲಿಸದೇ ಇದ್ದದ್ದನ್ನು ಆಮೇಲೆ 'ಹೆಂಗಸರ ಸ್ವಭಾವ' ಅಂದರು.

ಸ್ವಭಾವ ಎಷ್ಟು, ಕಲಿಕೆ ಎಷ್ಟು ಎಂಬುದಕ್ಕೆ ಆ ಸಮುದ್ರದಲ್ಲೇ ಸಾಕ್ಷಿಯಿದೆ. ಅಂಡಮಾನ್ ಸಮುದ್ರದ ಸುರಿನ್ ದ್ವೀಪಗಳಲ್ಲಿ ಮೋಕೆನ್ ಎಂಬ ಕಡಲ ಅಲೆಮಾರಿ ಜನರಿದ್ದಾರೆ. ಅವರ ಮಕ್ಕಳು ನೀರಿನೊಳಗೆ ಮುಳುಗಿ ಬರಿಗಣ್ಣಿನಲ್ಲಿ ಚಿಪ್ಪು ಹುಡುಕಿ ತರುತ್ತಾರೆ. ಯುರೋಪಿನ ಮಕ್ಕಳಿಗಿಂತ ಇವರಿಗೆ ನೀರಿನಡಿ ಎರಡು ಪಟ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿ ಅನ್ನಾ ಗಿಸ್ಲೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಹುಟ್ಟಿನಿಂದ ಬಂದ ವರವೇ? ಅದನ್ನೂ ಪರೀಕ್ಷಿಸಿದರು. ಅಭ್ಯಾಸ ಮಾಡಿಸಿದ ಮೇಲೆ ಯುರೋಪಿನ ಮಕ್ಕಳೂ ಹಾಗೆಯೇ ನೋಡಲು ಕಲಿತರು. ಕಣ್ಣೇ ಕಲಿಯುತ್ತದೆ ಎಂದ ಮೇಲೆ ಕೈಕಾಲು ಕಲಿಯುವುದಿಲ್ಲವೇ?

ಅಷ್ಟು ದೂರ ಯಾಕೆ? ಕುಮಟೆಯ ಹತ್ತಿರ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತು ನೋಡಿಕೊಂಡು ಹೆಂಗಸರು ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಯಾವ ತಿಥಿಗೆ ನೀರು ಎಷ್ಟು ಇಳಿಯುತ್ತದೆ ಎಂಬುದು ಅವರಿಗೆ ಬೆರಳ ತುದಿಯಲ್ಲಿದೆ. ಹೊಟ್ಟೆಪಾಡಿಗೆ ನೀರಿಗಿಳಿದ ಹೆಂಗಸನ್ನು "ನಿನಗೆ ಯಾಕೆ ತೊಂದರೆ" ಎಂದು ತಡೆದವರನ್ನು ನಾನು ಕಂಡಿಲ್ಲ. ಸಂತೋಷಕ್ಕೆ ಇಳಿಯುತ್ತೇನೆ ಅಂದಾಗ ಮಾತ್ರ ಎಲ್ಲರಿಗೂ ನಮ್ಮ ಮೇಲೆ ಕಾಳಜಿ ಹುಟ್ಟುತ್ತದೆ!

ಫಂಗ್ ನಾ ಕೊಲ್ಲಿಯಿಂದ ದಕ್ಷಿಣಕ್ಕೆ, ಅಂಥದೇ ಸುಣ್ಣಕಲ್ಲಿನ ಪೀ ಪೀ ಲೇ ದ್ವೀಪದಲ್ಲಿ ಮಾಯಾ ಕೊಲ್ಲಿ ಇದೆ. ದಿನಕ್ಕೆ ಸಾವಿರಾರು ಜನ ತುಳಿದು ಹವಳ ಹಾಳಾಯಿತೆಂದು 2018ರಲ್ಲಿ ಸರಕಾರ ಅದನ್ನು ಮುಚ್ಚಿತು. ಮೂರೂವರೆ ವರ್ಷ ಬಿಟ್ಟು, 2022ರ ಜನವರಿಯಲ್ಲಿ ತೆರೆಯಿತು. ಆ ಬಿಡುವಿನಲ್ಲಿ ಕಪ್ಪು ರೆಕ್ಕೆತುದಿಯ ಶಾರ್ಕ್ ಮೀನುಗಳು ಮರಳಿ ಬಂದವು. ಒಂದು ಕೊಲ್ಲಿಗೆ ವಿಶ್ರಾಂತಿ ಬೇಕು ಎಂದು ಒಂದು ಸರಕಾರಕ್ಕೆ ಅರ್ಥವಾಗುತ್ತದೆ. ನಮ್ಮ ಮನೆಗಳಿಗೆ ಮಾತ್ರ ಬೋಟಿನಲ್ಲಿ ಕೂತು ತಟ್ಟೆ ಜೋಡಿಸುವುದೇ ಹೆಂಗಸಿನ ವಿಶ್ರಾಂತಿ!

ಹಾಗಾದರೆ ಏನು ಮಾಡಬೇಕು? ಹಣ ಕಟ್ಟುವ ಮುಂಚೆ ಕೇಳಿ. ಆ ದಿನ ಉಬ್ಬರ ಎಷ್ಟು ಹೊತ್ತಿಗೆ, ದೋಣಿಗಳು ಎಷ್ಟು, ಎಲ್ಲರ ಅಳತೆಗೂ ಲೈಫ್ ಜಾಕೆಟ್ ಇದೆಯೇ, ಬಟ್ಟೆ ಬದಲಿಸಲು ಜಾಗ ಎಲ್ಲಿ, ಊಟ ಬಡಿಸುವವರು ಯಾರು? ಉತ್ತರಿಸಲು ತಡವರಿಸುವವರಿಗೆ ದುಡ್ಡು ಕೊಡಬೇಡಿ. ಮನೆಯಲ್ಲೂ ಹೊರಡುವ ಮುಂಚೆಯೇ ಸರದಿ ಗೊತ್ತುಮಾಡಿ. ಒಮ್ಮೆ ಅಪ್ಪನ ಹತ್ತಿರ ಮಗು, ಒಮ್ಮೆ ಅಮ್ಮನ ಹತ್ತಿರ. ನಿಮ್ಮ ಊರಿನ ಈಜುಕೊಳದಲ್ಲಿ ಹೆಂಗಸರಿಗೆಂದು ಪ್ರತ್ಯೇಕ ವೇಳೆ ಇಲ್ಲದಿದ್ದರೆ ನಾಲ್ಕು ಜನ ಸೇರಿ ಅರ್ಜಿ ಕೊಡಿ. ಇದ್ದರೆ ಮಗಳನ್ನು ಕಳಿಸಿ, ಸಾಧ್ಯವಾದರೆ ಜೊತೆಗೆ ನೀವೂ ಇಳಿಯಿರಿ.

ಇಷ್ಟೆಲ್ಲ ಮಾಡಿಯೂ, ದೋಣಿ ಹತ್ತುವ ಗಳಿಗೆಯಲ್ಲಿ ಯಾರಾದರೂ ಒಬ್ಬರು ತಪ್ಪದೆ ಕೇಳುತ್ತಾರೆ, "ಚೀಲ ಯಾರು ನೋಡ್ಕೋತಾರೆ?" ಉತ್ತರ ಕೊಡಲು ಹೋಗಬೇಡಿ. ಕೇಳಿದವರ ಕೈಗೇ ಚೀಲ ಕೊಟ್ಟು ಇಳಿಯಿರಿ.