ನೀತಿಪಾಠ ಯಾರಿಗೆ?

ಊರಲ್ಲಿ ಏನೇ ಕೆಡಲಿ, "ಈಗಿನ ಹುಡುಗರಿಗೆ ಶೀಲವಿಲ್ಲ, ಶಾಲೆಯಲ್ಲಿ ನೀತಿ ಕಲಿಸಬೇಕು" ಎಂಬ ಕೂಗು ಏಳುತ್ತದೆ. ಈ ಕೂಗು ಹೊಸದಲ್ಲ. 1959ರಲ್ಲಿ ನೇಮಕವಾದ ಶ್ರೀಪ್ರಕಾಶ ಸಮಿತಿ ಇದನ್ನೇ ವಿಚಾರ ಮಾಡಿತು. 1964–66ರ ಕೊಠಾರಿ ಆಯೋಗ ವಾರಕ್ಕೆ ಒಂದೆರಡು ತಾಸು ಇದಕ್ಕಾಗಿ ಮೀಸಲಿರಲೆಂದಿತು. ನೀತಿ ಬೇಡವೆನ್ನುವವರು ನಾವಲ್ಲ. ಆದರೆ ಯಾವ ನೀತಿ, ಯಾರಿಗೆ ಎಂದು ಕೇಳುವ ಹಕ್ಕು ದುಡಿಯುವ ತಂದೆತಾಯಿಗಳಿಗೆ ಇದೆ.

ಜಪಾನಿನಲ್ಲಿ 1890ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಶಿಕ್ಷಣದ ಆಜ್ಞೆ ಹೊರಟಿತು. ಹಿರಿಯರಿಗೆ ವಿಧೇಯರಾಗಿರಿ, ಆಪತ್ತು ಬಂದರೆ ಸಿಂಹಾಸನಕ್ಕಾಗಿ ನಿಲ್ಲಿರಿ ಎಂದು ಮಕ್ಕಳಿಗೆ ಕಲಿಸಲಾಯಿತು. ಆ ಪಾಠ ಕಲಿತ ಪೀಳಿಗೆಯನ್ನೇ ಯುದ್ಧಕ್ಕೆ ಅಟ್ಟಲಾಯಿತು. 1945ರ ಕೊನೆಗೆ ಆ ಪಾಠ ನಿಂತಿತು. ಬೇರೆ ರೂಪದಲ್ಲಿ 1958ರಲ್ಲಿ ವಾರದ ತಾಸಾಗಿ ಮರಳಿತು.

ದಕ್ಷಿಣ ಕೊರಿಯದ ಕಥೆ ಇನ್ನೂ ಕರುಳು ಹಿಂಡುವಂಥದು. 2014ರ ಏಪ್ರಿಲ್ 16ರಂದು ಮಿತಿಮೀರಿ ಸರಕು ಹೇರಿದ ಸೆವೊಲ್ ಹಡಗು ಮುಳುಗಿ 304 ಜನ ಸತ್ತರು. ಅವರಲ್ಲಿ 250 ಮಂದಿ ಒಂದೇ ಶಾಲೆಯ ಮಕ್ಕಳು. "ಇದ್ದಲ್ಲೇ ಇರಿ" ಎಂದು ಹಡಗಿನವರು ಸಾರಿದರು. ಮಕ್ಕಳು ಇದ್ದಲ್ಲೇ ಕುಳಿತರು. ನಾಯಕನು ತಾನು ಮೊದಲು ಪಾರಾದನು. ಮರುವರ್ಷ ಅಲ್ಲಿ ಶೀಲಶಿಕ್ಷಣದ ಕಾಯಿದೆಯೇ ಜಾರಿಗೆ ಬಂತು. ಪ್ರಾಮಾಣಿಕತೆ, ಹೊಣೆಗಾರಿಕೆ ಮೊದಲಾದ ಎಂಟು ಗುಣಗಳನ್ನು ಅದರಲ್ಲಿ ಬರೆದರು. ಹೊಣೆ ಮರೆತವರು ದೊಡ್ಡವರು. ಪಾಠ ಮಾತ್ರ ಮಕ್ಕಳಿಗೆ!

ಜಪಾನಿನಿಂದ ಕಲಿಯಬೇಕಾದ ಒಳ್ಳೆಯದೂ ಉಂಟು. ಅಲ್ಲಿ ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸಿ ಒರೆಸುತ್ತಾರೆ, ಸರದಿಯ ಮೇಲೆ ಊಟ ಬಡಿಸುತ್ತಾರೆ. ಯಾರ ಮನೆಯ ಮಗುವೆಂದು ನೋಡುವುದಿಲ್ಲ. ನಮ್ಮಲ್ಲೋ, 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದ ಸುದ್ದಿ ಹೊರಬಿತ್ತು. ಎಲ್ಲರೂ ಪೊರಕೆ ಹಿಡಿದರೆ ಅದು ಸಮತೆಯ ಪಾಠ. ಕೆಲವರ ಕೈಗೇ ಕೊಟ್ಟರೆ ಅದು ಜಾತಿಯ ಪಾಠ. ಗೋಡೆಯ ಮೇಲೆ ಎಷ್ಟು ಸುಭಾಷಿತ ಬರೆದರೇನು?

ಅಂಗಡಿಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲಸದ ಹುಡುಗ ಗೋಡೆಯ ಬೋರ್ಡು ಓದಿ ಕಲಿಯುವುದಿಲ್ಲ, ಧಣಿಯ ತಕ್ಕಡಿ ನೋಡಿ ಕಲಿಯುತ್ತಾನೆ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಕ್ಕೆ ಸುರಿದು ಬಾ ಎಂದವಳು ಅವನ ಹೆಂಡತಿ ಲಕ್ಕಮ್ಮ. ಆ ಪಾಠ ನಡೆದದ್ದು ಮಕ್ಕಳಿಗಲ್ಲ, ದುಡಿದು ತಂದ ಗಂಡನಿಗೆ.

ಆದ್ದರಿಂದ ನಾವು ಹೇಳುವುದಿಷ್ಟೆ. ಹೆಬ್ಬಳ್ಳಿಯ ಶಾಲೆಯಿರಲಿ, ಹುಬ್ಬಳ್ಳಿಯ ಶಾಲೆಯಿರಲಿ, ಸರಕಾರಿ ಶಾಲೆಗಳಲ್ಲಿ ಪಾಲಕರೇ ಕೂಡುವ ಶಾಲಾಭಿವೃದ್ಧಿ ಸಮಿತಿ ಇದೆ. ಒಂದು ದಿನದ ಪಗಾರ ಹೋದರೂ ಸರಿ, ಅದರ ಸಭೆಗೆ ಹೋಗಿರಿ. ನೀತಿಯ ತಾಸು ಎಷ್ಟೆಂದು ಆಮೇಲೆ ಕೇಳಿರಿ. ಮೊದಲು ಇಷ್ಟು ಕೇಳಿರಿ: ಕಸ ಗುಡಿಸುವವರು ಯಾರು? ಊಟಕ್ಕೆ ಎಲ್ಲರೂ ಒಂದೇ ಪಂಕ್ತಿಯೇ? ಬಂದ ಹಣದ ಲೆಕ್ಕ ಎಲ್ಲಿದೆ? ತಪ್ಪು ಕಂಡಾಗ "ಇದು ಸರಿಯಲ್ಲ ಸರ್" ಎಂದ ಮಗುವಿಗೆ ಶಾಬಾಸು ಸಿಗುತ್ತದೆಯೋ, ಛಡಿ ಏಟೋ? ಇವಕ್ಕೆ ನೆಟ್ಟಗೆ ಉತ್ತರ ಕೊಡಬಲ್ಲ ಶಾಲೆಯೇ ಶೀಲ ಕಲಿಸುವ ಶಾಲೆ.