ನೆಲದಡಿಯಲ್ಲಿ ದಿಕ್ಕು

ಕಳೆದ ವರ್ಷ ಅಜ್ಜಿಯೊಡನೆ ಬೆಂಗಳೂರಿಗೆ ಹೋಗಿದ್ದಾಗ, ರಸ್ತೆ ದಾಟಲೆಂದು ಒಂದು ಸುರಂಗದಾರಿಗೆ ಇಳಿದೆವು. ನಾನು ಹಲಗೆಗಳನ್ನು ಓದುತ್ತಲೇ ನಡೆದೆನು. ಆದರೂ ಮೇಲೆ ಬಂದದ್ದು ಬೇರೊಂದು ರಸ್ತೆಗೆ! "ಕೆಳಗೆ ಸೂರ್ಯನೇ ಇಲ್ಲವಲ್ಲೋ ಮಗು, ಮೂಡಣ ಪಡುವಣ ತಿಳಿಯುವುದು ಹೇಗೆ?" ಎಂದು ಅಜ್ಜಿ ನಕ್ಕಳು. ಓದು ಬಾರದ ಆಕೆಯ ಮಾತಿನಲ್ಲಿ ಇಡೀ ಸಮಸ್ಯೆಯು ಅಡಗಿದೆ.

ಜನರು ನಗರವನ್ನು ದಾರಿ, ಅಂಚು, ವಲಯ, ಕೂಡುತಾಣ, ಹೆಗ್ಗುರುತು ಎಂಬ ಐದರಿಂದ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವರೆಂದು ಕೆವಿನ್ ಲಿಂಚ್ ಎಂಬ ವಿದ್ವಾಂಸರು 1960ರ ತಮ್ಮ ಗ್ರಂಥದಲ್ಲಿ ಹೇಳಿದರು. ನೆಲದಡಿಯಲ್ಲಿ ಗೋಪುರವಿಲ್ಲ, ಅರಳಿಮರವಿಲ್ಲ. ಎಲ್ಲ ಗೋಡೆಯೂ ಒಂದೇ.

ಕೆನಡಾದ ಟೊರಾಂಟೊ ನಗರದಲ್ಲಿ 'ಪಾತ್' ಎಂಬ ನೆಲದಡಿಯ ಕಾಲುದಾರಿಗಳ ಜಾಲವು ಸುಮಾರು 30 ಕಿಲೋಮೀಟರು ಹಬ್ಬಿದೆ. ಬೇರೆ ಬೇರೆ ಒಡೆಯರು ಬೇರೆ ಬೇರೆ ಕಾಲದಲ್ಲಿ ಕಟ್ಟಿ ಜೋಡಿಸಿದುದರಿಂದ ಅಲ್ಲಿ ದಾರಿ ತಪ್ಪುವವರು ಬಹಳ. ಆ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳಿಗೆ ನಾಲ್ಕು ಬಣ್ಣ ಕೊಟ್ಟರು: ಕೆಂಪು ದಕ್ಷಿಣಕ್ಕೆ, ಕಿತ್ತಳೆ ಪಶ್ಚಿಮಕ್ಕೆ, ನೀಲಿ ಉತ್ತರಕ್ಕೆ, ಹಳದಿ ಪೂರ್ವಕ್ಕೆ. ಉಪಾಯವೇನೋ ಜಾಣತನದ್ದೇ, ಆದರೆ ಸಂಕೇತವನ್ನು ಕಲಿತವನಿಗೆ ಮಾತ್ರ ಅದು ದಿಕ್ಕು ತೋರೀತು. ಅದೇ ದೇಶದ ಮಾಂಟ್ರಿಯಲ್ ನಗರದಲ್ಲಿ 1966ರಲ್ಲಿ ಮೆಟ್ರೊ ಆರಂಭವಾದಾಗ, ನಿಲ್ದಾಣಗಳನ್ನು ರೂಪಿಸುವ ಕೆಲಸವನ್ನು ಹಲವು ವಾಸ್ತುಶಿಲ್ಪಿಗಳಿಗೆ ಹಂಚಿದ್ದರು. ನಿಲ್ದಾಣಕ್ಕೊಂದು ಮುಖ, ಓದು ಬಾರದವನೂ ಗುರುತಿಸಬಲ್ಲನು.

ಹಲಗೆಗಳು ಇರಲಿ. ಆದರೆ ಕಟ್ಟಡವೇ ಮೊದಲು ಮಾತನಾಡಬೇಕೆಂಬುದು ನನ್ನ ಅಭಿಪ್ರಾಯ. ತಿರುವುಗಳು ಕಡಿಮೆಯಾಗಲಿ, ಇಳಿದೊಡನೆ ಎದುರಿನ ಬಾಗಿಲ ಬೆಳಕು ಕಾಣಲಿ, ದಾರಿಗಳು ಕೂಡುವಲ್ಲಿ ಮೇಲಿನ ಬಿಸಿಲು ಬೀಳಲಿ. ನಮ್ಮ ರಾಜಧಾನಿಯೂ ನೆಲದಡಿಗೆ ಇಳಿಯುತ್ತಿರುವ ಕಾಲವಿದು. ನನ್ನ ಅಜ್ಜಿಯು ಯಾರನ್ನೂ ಕೇಳದೆ ಮೇಲೆ ಬರಬಲ್ಲ ದಾರಿಯನ್ನೇ ಒಳ್ಳೆಯ ದಾರಿಯೆನ್ನೋಣ.