ಮೊದಲು ಸ್ಕ್ರೂ, ಕೊನೆಗೆ ಮೋಟರ್ | ಮನೆ ಸಿಎನ್‌ಸಿ, ಭಾಗ 4

"ನೇಮಾ 23 ಹಾಕ್ಲಾ, ನೇಮಾ 34 ಹಾಕ್ಲಾ ಗುರು?" ಹೋದ ಭಾಗಕ್ಕೆ ಬಂದ ಮೆಸೇಜ್‌ಗಳಲ್ಲಿ ಹೆಚ್ಚಿನವು ಇವೇ. ನೇರವಾಗಿ ಹೇಳ್ತೀನಿ: ಮೋಟರ್‌ನಿಂದ ಶುರು ಮಾಡಬೇಡಿ. ಮೊದಲು ಕೆಲಸ ಯಾವುದು ನೋಡಿ, ಆಮೇಲೆ ಸ್ಕ್ರೂ ಮತ್ತು ರೈಲು, ಆಮೇಲೆ ಡ್ರೈವರ್ ಮತ್ತು ಪವರ್ ಸಪ್ಲೈ. ಮೋಟರ್ ಕೊನೆಗೆ.

ನಮ್ಮ ಕಡೆ ಕೆಲಸ ಏನಿದೆ? ಗುಂಡ್ಲುಪೇಟೆಯಲ್ಲಿ ಅಂಗಡಿ ಬೋರ್ಡು, ಬಾಗಿಲ ಕೆತ್ತನೆ. ಚಾಮರಾಜನಗರದಲ್ಲಿ ಕರಿಕಲ್ಲು, ವಿದೇಶಕ್ಕೂ ಹೋಗೋ ಕಲ್ಲು. ಪ್ಲೈವುಡ್ ಕೆಟ್ರೆ ಇನ್ನೊಂದು ಹಲಗೆ ತರಬಹುದು. ಪಾಲಿಶ್ ಆದ ಕಲ್ಲಿನ ಮೇಲೆ ಯಾರದೋ ತಾತನ ಹೆಸರಲ್ಲಿ ಒಂದು ಒತ್ತಕ್ಷರ ಜರುಗಿದರೆ ಅಳಿಸೋಕೆ ರಬ್ಬರ್ ಇಲ್ಲ ಕಣ್ರೋ.

ಈಗ ಲೆಕ್ಕ. 1.8 ಡಿಗ್ರಿ ಸ್ಟೆಪ್ಪರ್‌ಗೆ ಒಂದು ಸುತ್ತಿಗೆ 200 ಸ್ಟೆಪ್. ಮೈಕ್ರೋಸ್ಟೆಪ್ 8 ಇಟ್ಟರೆ 1600. 1605 ಬಾಲ್ ಸ್ಕ್ರೂ ಅಂದ್ರೆ 16 ಮಿ.ಮೀ. ದಪ್ಪ, 5 ಮಿ.ಮೀ. ಲೀಡ್. ಅಲ್ಲಿಗೆ ಮಿ.ಮೀ.ಗೆ 320 ಸ್ಟೆಪ್. ಅದೇ 20 ಹಲ್ಲಿನ ಜಿಟಿ2 ಪುಲ್ಲಿ ಸುತ್ತಿಗೆ 40 ಮಿ.ಮೀ. ಓಡುತ್ತೆ, ಮಿ.ಮೀ.ಗೆ 40 ಸ್ಟೆಪ್ ಅಷ್ಟೇ. ಲೇಸರ್‌ಗೆ, ಪೆನ್ ಪ್ಲಾಟರ್‌ಗೆ ಬೆಲ್ಟ್ ಚೆನ್ನ. ಒತ್ತಿ ಕೊರೆಯೋ ಕೆಲಸಕ್ಕೆ ಬೇಡ.

ನಟ್‌ನಲ್ಲಿ 0.2 ಮಿ.ಮೀ. ಪ್ಲೇ ಇದ್ರೆ, ದಿಕ್ಕು ಬದಲಾದಾಗಲೆಲ್ಲ ಆ 320ರಲ್ಲಿ 64 ಸ್ಟೆಪ್ ಸುಮ್ಮನೆ ಹೋಗುತ್ತೆ. ನಮ್ಮ ಲಿಪಿ ಗುಂಡಗಿನದು. ಒಂದು ಸುತ್ತು ಬರೆಯೋಕೆ ಎಕ್ಸ್, ವೈ ಎರಡೂ ಎರಡೆರಡು ಸಲ ತಿರುಗಬೇಕು. ನೇರ ಗೆರೆಯ ಇಂಗ್ಲಿಷ್ ಅಕ್ಷರದ ಡೆಮೋದಲ್ಲಿ ಇದು ಕಾಣಲ್ಲ. ಮೆಷಿನ್ ಕೊಳ್ಳೋ ಮುಂಚೆ ‘ಠ’ ಕೆತ್ತಿಸಿ ನೋಡಿ, ಬಣ್ಣ ಬಯಲಾಗುತ್ತೆ.

"ಕ್ಲೋಸ್ಡ್ ಲೂಪ್ ಹಾಕಿದ್ರೆ ಸರಿಹೋಗಲ್ವಾ?" ಸ್ಟೆಪ್ ತಪ್ಪಿದ್ರೆ ಅದು ಹಿಡಿಯುತ್ತೆ, ಅದು ಲಾಭವೇ. ಆದ್ರೆ ಎನ್‌ಕೋಡರ್ ಕೂತಿರೋದು ಮೋಟರ್ ಬೆನ್ನಿಗೆ. ಟೇಬಲ್ ಎಷ್ಟು ಜರುಗಿತು ಅಂತ ಅದಕ್ಕೆ ಗೊತ್ತಿಲ್ಲ. ಸಡಿಲ ನಟ್‌ಗೆ ಅದು ಮದ್ದಲ್ಲ.

ಡ್ರೈವರ್ ವಿಷಯ. ನೇಮಾ 23 ಅನ್ನೋದು ಶಕ್ತಿಯ ಅಳತೆ ಅಲ್ಲ, ಮುಂದಿನ ಮುಖದ ಅಳತೆ, ಸುಮಾರು 2.3 ಇಂಚು. ದೊಡ್ಡ ಮೋಟರ್ ತಂದು 12 ವೋಲ್ಟ್ ಕೊಟ್ಟರೆ ನಿಂತಲ್ಲಿ ಭೀಮ, ಓಡಿಸಿದರೆ ಉಸಿರಿಲ್ಲ. ವೇಗ ಏರಿದಂತೆ ಸುರುಳಿಗೆ ಕರೆಂಟ್ ತುಂಬೋಕೆ ಸಮಯ ಸಾಲಲ್ಲ, ವೋಲ್ಟೇಜ್ ಬೇಕು. ಮಧ್ಯಮ ನೇಮಾ 23, ಡಿಎಂ542 ಥರದ ಡ್ರೈವರ್, 36 ವೋಲ್ಟ್ ಸಪ್ಲೈ: ನನ್ನ ಓಟು ಇದಕ್ಕೆ. ಕರೆಂಟ್ ಸ್ವಿಚ್ ಮೋಟರ್ ಲೇಬಲ್ ನೋಡಿಯೇ ಇಡಿ. ಪವರ್ ಇರುವಾಗ ಮೋಟರ್ ವೈರ್ ಕೀಳಬೇಡಿ, ಡ್ರೈವರ್ ಸುಟ್ಟೀತು.

ದುಡ್ಡು ಉಳಿದ್ರೆ ಸ್ಕ್ರೂಗೆ, ರೈಲಿಗೆ ಕವರ್ ಹಾಕಿಸಿ. ಕಲ್ಲಿನ ಪುಡಿ ನೀರಿಗೆ ಸೇರಿದ್ರೆ ಅರೆಯೋ ಪೇಸ್ಟ್ ಆಗುತ್ತೆ, ಬಾಲ್ ಸ್ಕ್ರೂನೇ ತಿಂದುಹಾಕುತ್ತೆ.

ಮಾರ್ಕ್ಸ್‌ಗೆ ದೊಡ್ಡ ಮೋಟರ್ ತೋರಿಸಿದ್ರೆ ಸಾಕಾಗಬಹುದು. ಆದ್ರೆ ಕಲ್ಲು ಹೇಗೂ ನಮ್ಮೂರಿಂದ ಹೋಗ್ತಿದೆ. ಕೆತ್ತನೆಯ ಕೂಲಿಯಾದ್ರೂ ಇಲ್ಲಿನ ಹುಡುಗ್ರು ಹುಡುಗೀರ ಕೈಗೆ ಉಳೀಬೇಕು ಅಂದ್ರೆ ‘ಠ’ ಗುಂಡಗೆ ಬರಲೇಬೇಕು.

ನಿಮ್ಮ ಬಜೆಟ್ ಎಷ್ಟು, ಏನು ಕೊರೀತೀರಿ? ಕಾಮೆಂಟ್ ಹಾಕಿ. ಭಾಗ 5: ವೈರಿಂಗ್, ಎಮರ್ಜೆನ್ಸಿ ಸ್ಟಾಪ್.

#ಮನೆಸಿಎನ್‌ಸಿ #ಚಾಮರಾಜನಗರ #ಗುಂಡ್ಲುಪೇಟೆ #ಠಟೆಸ್ಟ್